ಹಿಡಿತ ಚೆನ್ನಾಗಿತ್ತು

ಈರಿ, ಪೆನ್ಸಿಲ್ವೇನಿಯ
ಜನವರಿ ೧೪, ಮಂಗಳವಾರ

ಪ್ರೀತಿಯ ಎಫ್ರೆನ್,

ಹೆದರಬೇಡ, ಯಾರೂ ಸತ್ತಿಲ್ಲ. ನಮ್ಮ ವಯಸ್ಸಿನವರಿಗೆ ಕೈಬರಹದ ಲಕೋಟೆ ಬಂದರೆ ಮನೆಯವರು ಮೊದಲು ಕೂರಲು ಕುರ್ಚಿ ಹುಡುಕುತ್ತಾರೆ, ಅದಕ್ಕೇ ಈ ಮಾತು ಮೊದಲು. ನೆಲ್ಡಾಗೂ ಹೇಳು. ಇಪ್ಪತ್ತೆಂಟು ವರ್ಷದಲ್ಲಿ ನಾನು ನಿನಗೆ ಕಳಿಸಿದ್ದು ಕ್ರಿಸ್‌ಮಸ್ ಕಾರ್ಡು ಮಾತ್ರ, ಅದರಲ್ಲೂ ಹೆಸರು ಅಚ್ಚು ಹಾಕಿಸಿದ್ದು. ಫೋನು ಮಾಡೋಣ ಅಂದುಕೊಂಡೆ. ಎರಡು ಸಲ ನಂಬರು ಒತ್ತಿ ಇಟ್ಟೆ. ಮೂರನೆಯ ಸಲ ನೀನು ಎತ್ತಿ ಹಲೋ ಅಂದೆ. ಶುಕ್ರವಾರ ಸಂಜೆ ನಿನಗೆ ಬಂದ ಆ ಮೂಗ ಕರೆ ನನ್ನದೇ.

ಇಲ್ಲಿ ಸರೋವರ ದಡದ ತನಕ ಹೆಪ್ಪುಗಟ್ಟಿದೆ. ಮೊಣಕಾಲು ನನಗಿಂತ ಮೊದಲು ಎದ್ದು ನನಗಿಂತ ತಡವಾಗಿ ಮಲಗುತ್ತದೆ. ಲರೇಡೊದ ಬಿಸಿಲಿನಲ್ಲಿ ಕೂತು ನೀನು ನಗುತ್ತಿರಬಹುದು. ನಗು, ಈ ಕಾಗದದಲ್ಲಿ ನಗುವ ಜಾಗ ಮುಂದೆ ಹೆಚ್ಚಿಲ್ಲ.

ವಿಷಯಕ್ಕೆ ಬರುತ್ತೇನೆ. ಕ್ರೀಡಾಂಗಣದ ಪೂರ್ವ ಬಾಗಿಲಿನ ಒಳಗೆ ಇಟ್ಟಿಗೆಯ ಗೋಡೆ ಇದೆಯಲ್ಲ, ನಮ್ಮ ಪೈಲಟ್ಸ್ ತಂಡದ ದೊಡ್ಡವರ ಹೆಸರು ಕೆತ್ತಿಸುವ ಗೋಡೆ. ಈಗ ಅಲ್ಲಿ ಮೂವತ್ತೇಳು ಹೆಸರಿವೆ. ಚೆಂಡೆಸೆದವರು, ಹಿಡಿದು ಓಡಿದವರು, ಗುದ್ದಿದವರು, ಗುದ್ದಿಸಿಕೊಂಡವರು. ಬ್ಯಾಂಡಿನ ತುತ್ತೂರಿಯವನೂ ಇದ್ದಾನೆ. ಪಂದ್ಯಕ್ಕೆ ಮುಂಚೆ ಮೈದಾನದ ಸುತ್ತ ಓಡುತ್ತಿದ್ದ ಆ ಬಿಳಿ ನಾಯಿಯೂ ಇದೆ, ಜನನ ಮರಣದ ಇಸವಿ ಸಮೇತ. ಆಟದ ಹೆಸರು ಫುಟ್ಬಾಲ್, ಆಡುವುದು ಬಹುಪಾಲು ಕೈಯಲ್ಲಿ; ಚೆಂಡಿಗೆ ಕಾಲು ತಾಗಿಸಿ ಹೊಟ್ಟೆ ಹೊರೆದ ಒಬ್ಬನೂ ಆ ಗೋಡೆಯ ಮೇಲಿಲ್ಲ. ತಂಡದ ಇತಿಹಾಸದಲ್ಲೇ ಹೆಚ್ಚು ಅಂಕ ಗಳಿಸಿದವನು ನೀನು. ಹನ್ನೊಂದು ವರ್ಷ, ಸಾವಿರದ ನೂರ ನಾಲ್ಕು ಅಂಕ. ನಾಯಿ ಗಳಿಸಿದ್ದು ಸೊನ್ನೆ.

ಆ ಹೆಸರುಗಳನ್ನು ಆರಿಸುವ ಸಮಿತಿಯಲ್ಲಿ ನಾನು ಆರು ವರ್ಷದಿಂದ ಇದ್ದೇನೆ. ನಿನಗೆ ಇದು ಗೊತ್ತಿರಲಾರದು, ನಾನು ಹೇಳಿಲ್ಲ. ಪ್ರತಿ ಜನವರಿಯಲ್ಲಿ ಯಾರಾದರೊಬ್ಬರು ನಿನ್ನ ಹೆಸರು ಎತ್ತುತ್ತಾರೆ. ಕೂಡಲೇ ಇನ್ನೊಬ್ಬರು 'ಆ ಒದೆತ ಒಂದು ಇಲ್ದಿದ್ರೆ' ಅನ್ನುತ್ತಾರೆ. ಮಾತು ಮುಂದಿನ ಹೆಸರಿಗೆ ಹೋಗುತ್ತದೆ. ನಾನು ಕಾಫಿ ಲೋಟದ ತಳ ನೋಡುತ್ತೇನೆ. ನಾಲ್ಕು ವರ್ಷದ ಹಿಂದೆ ತೀರಿಕೊಳ್ಳುವ ತನಕ ನಮ್ಮ ಹಳೆಯ ಕೋಚ್ ಹಾಲೊರಾನ್ ಅವರೇ ಅಧ್ಯಕ್ಷರು. ಅವರ ಮಾತು ಪ್ರತಿ ಸಲ ಒಂದೇ: 'ತನ್ನ ಕಾಲಿನ ಅಳತೆ ತನಗೇ ಗೊತ್ತಿಲ್ಲದೋನು ಗೋಡೆ ಮೇಲೆ ಬೇಡ.' ಆಗಲೂ ನಾನು ಲೋಟದ ತಳವನ್ನೇ ನೋಡಿದೆ. ಆ ತಳದಲ್ಲಿ ಏನು ಬರೆದಿದೆ ಅಂತ ಕೇಳಿದರೆ ಕಣ್ಣು ಮುಚ್ಚಿ ಹೇಳಬಲ್ಲೆ.

ಹೋದ ಗುರುವಾರದ ಸಭೆಯಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಈಗ ಅಧ್ಯಕ್ಷೆ ಮಾರ್ಲೀನ್ ಕ್ಯೂಬಿಯಾಕ್, ನಮ್ಮ ಕಾಲದಲ್ಲಿ ಟಿಕೆಟ್ ಕಿಟಕಿಯಲ್ಲಿ ಕೂರುತ್ತಿದ್ದಳಲ್ಲ, ಅವಳೇ. ಅವಳು ಅಂದಳು, 'ಒದೆಯೋರು ಒಬ್ರೂ ಇಲ್ಲ ಅಂತ ವರ್ಷಾ ವರ್ಷಾ ಜನ ಕಾಗದ ಬರೀತಾರಪ್ಪ. ನಮ್ಮ ಗೆರಿ ಇದ್ದಾನಲ್ಲ! ಹನ್ನೆರಡು ವರ್ಷ ಕಾಲಲ್ಲಿ ಆಡ್ದ, ರೇಡಿಯೋದಲ್ಲಿ ಇಪ್ಪತ್ತು ವರ್ಷ ಬಾಯಲ್ಲಿ ಆಡ್ದ. ಎರಡೂ ಸೇರ್ಸಿ ಒಂದು ಇಟ್ಟಿಗೆ ಕೊಡೋಣ.' ಎಲ್ಲರೂ ಕೈ ತಟ್ಟಿದರು. ನಾನು 'ಅಯ್ಯೋ, ನಾನ್ಯಾಕೆ' ಅಂದೆ. ಒಂದೇ ಸಲ ಅಂದೆ. ಎರಡನೆಯ ತುಂಡು ಕೇಕು ಬಡಿಸಲು ಬಂದಾಗ ತಟ್ಟೆಯನ್ನು ಮುಂದಕ್ಕೇ ಹಿಡಿದು ಬೇಡ ಅನ್ನುತ್ತಾರಲ್ಲ, ಆ ದನಿಯಲ್ಲಿ. ಮನೆಗೆ ಬರುವ ದಾರಿಯಲ್ಲಿ ಸಮಾರಂಭಕ್ಕೆಂದು ಹೊಸ ಕೋಟನ್ನೂ ಕೊಂಡೆ.

ನಾನು ಯಾವ ಕಾಲಿನವನು, ಎಫ್ರೆನ್! ಬೇರೆ ದಾರಿ ಇಲ್ಲದಾಗ ಚೆಂಡನ್ನು ಎದುರಾಳಿಗೆ ಒಪ್ಪಿಸಿ ಆದಷ್ಟು ದೂರ ಒದ್ದು ಓಡಿಬರುವುದು ನನ್ನ ಕೆಲಸ. ಗೆಲುವಿನ ಅಂಕಕ್ಕಾಗಿ ಎರಡು ಕಂಬಗಳ ನಡುವೆ ಒದೆಯುವುದು ನಿನ್ನದು. ನನ್ನ ನಿಜವಾದ ಉದ್ಯೋಗ ಮಂಡಿಯೂರಿ ಕೂತು, ನೀನು ಒದೆಯುವ ಚೆಂಡನ್ನು ಒಂದು ಬೆರಳಿನಲ್ಲಿ ನೆಟ್ಟಗೆ ಹಿಡಿಯುವುದಾಗಿತ್ತು. ಮುಂದಿನ ಸಾಲಿನಿಂದ ಒಬ್ಬ ಹಿಂದಕ್ಕೆ ಎಸೆಯಬೇಕು, ನಾನು ಹಿಡಿಯಬೇಕು, ನೀನು ಒದೆಯಬೇಕು. ಎಸೆತ, ಹಿಡಿತ, ಒದೆತ. ಪ್ರಾಸದ ಹುಚ್ಚಿನ ನಾನೇ ನಮ್ಮ ಮೂವರಿಗೆ ಆ ಹೆಸರು ಕೊಟ್ಟಿದ್ದು. ತಪ್ಪಿದರೆ ಪತ್ರಿಕೆಯವರ ಮುಂದೆ ಏನು ಹೇಳಬೇಕು ಅನ್ನುವುದನ್ನು ನೀನೇ, ತಂಡಕ್ಕೆ ಬಂದ ಮೊದಲ ವಾರವೇ, ನನಗೆ ಹೇಳಿಕೊಟ್ಟೆ: 'ಎಸೆತ ಚೆನ್ನಾಗಿತ್ತು, ಹಿಡಿತ ಚೆನ್ನಾಗಿತ್ತು, ಒದೆತ ನನ್ನದು.' ಒದೆಯುವವನು ಹಿಡಿಯುವವನ ಮೇಲೆ ಹಾಕುವ ಹಾಗಿಲ್ಲ. ಕ್ಲೀವ್‌ಲ್ಯಾಂಡಿನಲ್ಲಿ ಮರಗಟ್ಟಿದ ನನ್ನ ಬೆರಳಿನಿಂದ ಚೆಂಡು ವಾಲಿದ್ದನ್ನು ಅರ್ಧ ದೇಶ ಟೀವಿಯಲ್ಲಿ ನೋಡಿತ್ತು. ಅವತ್ತೂ ನೀನು ಹೇಳಿದ್ದು ಅದನ್ನೇ. ಒಬ್ಬ ಪತ್ರಕರ್ತ ನಕ್ಕುಬಿಟ್ಟ. ನೀನು ನಗಲಿಲ್ಲ.

ನಾವು ಎಂಥವರು ಅಂತ ತಂಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಪಂದ್ಯದ ಪಟ ತೋರಿಸುವಾಗ ನಮ್ಮ ಒದೆತ ಬಂದರೆ ಕೋಚ್ ಮುಂದಕ್ಕೆ ಓಡಿಸುತ್ತಿದ್ದರು. ನೀನು ಮೈದಾನಕ್ಕಿಳಿದರೆ ಜನ ಬಿಯರ್ ತರಲು ಏಳುತ್ತಿದ್ದರು. ಬಟ್ಟೆ ಒಗೆಯುವ ಡೊರೀನ್ ಹೇಳುತ್ತಿದ್ದಳಲ್ಲ, 'ಎಫ್ರೆನ್ ಅಂಗಿಗೆ ಸೋಪು ದಂಡ, ಇಸ್ತ್ರಿ ಸಾಕು' ಅಂತ. ಹಾಲೊರಾನ್ ಅವರ ತತ್ವವಂತೂ ಗೋಡೆಗೆ ಬರೆಸುವಂಥದ್ದು: 'ಒದೆಯೋನು ಅಂದ್ರೆ ಬಲ್ಬು ಕಣಯ್ಯಾ. ಉರೀತಿರೋವಾಗ ಯಾರೂ ತಲೆ ಎತ್ತಿ ನೋಡಲ್ಲ. ಆರಿದ್ರೆ ಬೇರೆ ಹಾಕ್ತಾರೆ.' ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನೀನು ನಿನ್ನ ಪಾಡಿಗೆ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ.

ಆ ಹಾಡಿನ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಒಂದು ಅಕ್ಟೋಬರಿನಲ್ಲಿ ನೀನು ಎರಡು ಕಂಬಳಿ ಹೊದ್ದು ಬೆಂಚಿನ ಮೇಲೆ ಮುದುಡಿ ಕೂತಿದ್ದೆ. ಆಗ ನಿನ್ನ ಮನೆತನದ ಹೆಸರು ಹಿಡಿದು ನಾನು ಕಟ್ಟಿದ್ದು:

ಕಿರೋಗ, ಕಿರೋಗ, ಕಾಲಿಗೇನೋ ರೋಗ?
ಗಾಳಿ ಬೀಸಿದಾಗ ಗೂಡು ಸೇರೋ ಯೋಗ!

ನೀನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ. ಮೂರು ತಿಂಗಳಾದ ಮೇಲೆ ಇಡೀ ಊರು ಅದನ್ನೇ ಹಾಡಿತು. ನಿನ್ನ ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಹಾಡಿತು. ನೆಲ್ಡಾ ಬ್ರೆಡ್ಡು ಕೊಳ್ಳಲು ಹೋದ ಅಂಗಡಿಯಲ್ಲಿ ಗುನುಗಿತು. ಯಾರು ಕಟ್ಟಿದ್ದು ಅಂತ ಜನಕ್ಕೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ನೀನು ಯಾರಿಗೂ ಹೇಳಲಿಲ್ಲ.

ಈಗ ಆ ಭಾನುವಾರ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಯಾಕೆಂದರೆ ಈ ಕಾಗದದ ಇನ್ನೊಂದು ಪ್ರತಿ ಸಮಿತಿಗೆ ಹೋಗುತ್ತದೆ. ಅವರಿಗೆ ಪೂರ್ತಿ ಗೊತ್ತಾಗಬೇಕು.

ಎರಡು ದಿನ ಮುಂಚೆ ಅಭ್ಯಾಸದಲ್ಲಿ ನಿನ್ನ ಬಲತೊಡೆ ಹಿಡಿದುಕೊಂಡಿತ್ತು. ಅದು ಗೊತ್ತಿದ್ದದ್ದು ನನಗೆ, ಪಟ್ಟಿ ಸುತ್ತುವ ವೈದ್ಯನಿಗೆ, ಇಬ್ಬರಿಗೆ ಮಾತ್ರ. ಬಾಯಿ ಬಿಟ್ಟರೆ ಏನಾಗುತ್ತದೆಂದು ನೋಡಿದ್ದೆವಲ್ಲ: ಮಂಗಳವಾರ ಬೆಳಿಗ್ಗೆ ಐದು ಜನ ಹೊಸಬರು ಚೀಲ ಹೊತ್ತು ಬರುತ್ತಾರೆ, ಒಬ್ಬರಾದ ಮೇಲೊಬ್ಬರು ಒದ್ದು ತೋರಿಸುತ್ತಾರೆ, ಕೆಲಸದಲ್ಲಿರುವವನು ಕಿಟಕಿಯಿಂದ ನೋಡುತ್ತಾ ನಿಲ್ಲಬೇಕು. ಹೆಣ್ಣು ನೋಡುವ ಶಾಸ್ತ್ರವನ್ನು ಹಳೆಯ ಹೆಂಡತಿಯ ಎದುರೇ ಮಾಡಿದ ಹಾಗೆ.

ಪಂದ್ಯಕ್ಕೆ ಮುಂಚೆ ಎರಡೂ ತುದಿಗೆ ಒದ್ದು ನೋಡಿ, ಇವತ್ತಿನ ಗಾಳಿಗೆ ಯಾವ ಕಡೆ ಎಷ್ಟು ಗಜ ತಲುಪುತ್ತದೆ ಅಂತ ಒದೆಯುವವನು ಕೋಚ್‌ಗೆ ಹೇಳಬೇಕು. ಅದು ನಮ್ಮ ಕಸುಬಿನ ಪದ್ಧತಿ. ಕೋಚ್ ಅದನ್ನು ಮಣಿಕಟ್ಟಿನ ಪಟ್ಟಿಯ ಮೇಲೆ ಬರೆದುಕೊಳ್ಳುತ್ತಾರೆ. ಕೊನೆಯ ನಿಮಿಷದ ಎಲ್ಲ ತೀರ್ಮಾನವೂ ಆ ಅಂಕಿಯ ಮೇಲೆ. ನೀನು ಹನ್ನೊಂದು ವರ್ಷದಲ್ಲಿ ಆ ಅಂಕಿಯನ್ನು ಒಂದು ಗಜ ಹಿಗ್ಗಿಸಿ ಹೇಳಿದವನಲ್ಲ. ಅವತ್ತು ನೀನು ಮೇಜಿನ ಮೇಲೆ ಮಲಗಿದ್ದೆ, ತೊಡೆಗೆ ಪಟ್ಟಿ ಸುತ್ತುತ್ತಿದ್ದರು. 'ಗೆರಿ, ನೀನೇ ಹೋಗಿ ಹೇಳ್ಬಿಡು. ಊರ ಕಡೆ ನಲವತ್ತೆಂಟು. ಸರೋವರದ ಕಡೆ ನಲವತ್ತೆರಡು, ಅದಕ್ಕಿಂತ ಒಂದು ಗಜಾನೂ ಬೇಡ' ಅಂದೆ.

ನಾನು ಹೋದೆ. ಮೈದಾನದ ಬಾಯಲ್ಲಿ ಕೋಚ್ ಇದ್ದರು. ಹೇಳಿದೆ. ಅಲ್ಲಿ ತಿರುವುಮುರುವಾಯಿತು. ಸರೋವರದ ಕಡೆಗೆ ಹೇಳಬೇಕಾದದ್ದು ಊರ ಕಡೆಗೆ, ಊರ ಕಡೆಯದು ಸರೋವರದ ಕಡೆಗೆ. ಗದ್ದಲವಿತ್ತು, ಗಾಳಿಯಿತ್ತು, ತಲೆಯಲ್ಲಿ ಸಾವಿರ ವಿಚಾರವಿತ್ತು. ಸರೋವರದ ಕಡೆಗೆ ಅವರು ನಲವತ್ತೆಂಟು ಅಂತ ಬರೆದುಕೊಂಡರು.

ಮುಂದಿನದು ಎಲ್ಲರಿಗೂ ಗೊತ್ತು. ಗೆದ್ದರೆ ದೇಶದ ಅಂತಿಮ ಪಂದ್ಯ. ನಾವು ಎರಡು ಅಂಕ ಹಿಂದೆ, ಒದೆತ ಕಂಬಗಳ ನಡುವೆ ಹೋದರೆ ಮೂರು ಅಂಕ. ಕಂಬಕ್ಕೆ ನಲವತ್ತಾರು ಗಜದ ಒದೆತ, ಸರೋವರದ ಕಡೆ. ಇನ್ನೊಂದು ಸಲ ಆಡಿ ನಾಲ್ಕೈದು ಗಜ ಮುಂದೆ ಸರಿಯಲು ಸಮಯ ಇತ್ತು. ಕೋಚ್ ಮಣಿಕಟ್ಟು ನೋಡಿಕೊಂಡರು, 'ಸಾಕು, ಸಾಕು' ಅಂತ ಕೈ ಬೀಸಿದರು. ಗಡಿಯಾರ ಮೂರು ಸೆಕೆಂಡಿಗೆ ಇಳಿಯುವ ತನಕ ಕಾದು ನಮ್ಮನ್ನು ಕಳಿಸಿದರು.

ನೀನು ಬೂಟಿನ ಅಂಚಿನಿಂದ ಹಿಮ ಕೆರೆದು ನನಗೆ ಜಾಗ ತೋರಿಸಿದೆ. ಅಲ್ಲಿಂದ ಕಂಬ ನೋಡಿದೆ. ಬಗ್ಗಿ ಕೇಳಿದೆ, 'ಗೆರಿ, ಎಷ್ಟು ಅಂತ ಹೇಳ್ದೆ ಅವರಿಗೆ?' ನಾನು 'ನೀನ್ ಹೇಳಿದ್ದೇ ಹೇಳ್ದೆ' ಅಂದೆ. ಆಗ ನನಗೆ ತಿರುವುಮುರುವಾದದ್ದು ಗೊತ್ತೇ ಇರಲಿಲ್ಲ, ನಂಬು. ನೀನು ಯಾವತ್ತಿನ ಹಾಗೆ ನನ್ನ ಶಿರಸ್ತ್ರಾಣವನ್ನು ಎರಡು ಸಲ ತಟ್ಟಿ ಹಿಂದೆ ಸರಿದೆ. ನೇರವಾಗಿತ್ತು ಒದೆತ. ಅಷ್ಟು ನೇರವಾದದ್ದನ್ನು ನಾನು ಮತ್ತೆ ನೋಡಿಲ್ಲ. ಅಡ್ಡಕಂಬಿಗೆ ಬಡಿದು ನಮ್ಮ ಕಡೆಗೇ ಬಿತ್ತು.

ಒಳಗೆ ಹದಿನೇಳು ಮೈಕು ನಿನ್ನ ಮುಖದ ಮುಂದೆ. ನಾನು ನಿನ್ನ ಬೆನ್ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಕೂತು ಬೆರಳಿನ ಪಟ್ಟಿ ಬಿಚ್ಚುತ್ತಿದ್ದೆ. ನೀನು ತೊಡೆಯ ಮಾತೆತ್ತಲಿಲ್ಲ. ಗಾಳಿಯ ಮಾತೆತ್ತಲಿಲ್ಲ. ನಲವತ್ತೆರಡರ ಮಾತಂತೂ ಇಲ್ಲವೇ ಇಲ್ಲ. 'ಎಸೆತ ಚೆನ್ನಾಗಿತ್ತು, ಹಿಡಿತ ಚೆನ್ನಾಗಿತ್ತು, ಒದೆತ ನನ್ನದು' ಅಂದೆ. ಆ ಪಟ್ಟಿಯನ್ನು ನಾನು ಎಷ್ಟು ಹೊತ್ತು ಬಿಚ್ಚಿದೆ ಅಂದರೆ, ಅಷ್ಟು ಹೊತ್ತಿನಲ್ಲಿ ಒಂದು ಸ್ವೆಟರ್ ಹೆಣೆಯಬಹುದಿತ್ತು.

ಸೋಮವಾರ ನಿನ್ನ ಕಪಾಟು ಖಾಲಿ. ಮಂಗಳವಾರ ಐದು ಜನ ಚೀಲ ಹೊತ್ತು ಬಂದರು. ಅವರಿಗೆ ಚೆಂಡು ಹಿಡಿದವನು ನಾನು.

ನೀನು ಊರಿಗೆ ಹೋಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸಲು ಸೇರಿದೆ. ಕೋಚ್ ಬರೆದ ಕಾಗದವನ್ನು ತೆರೆಯದೆ ವಾಪಸು ಕಳಿಸಿದೆಯಂತೆ. ಅವರ ಅಂತ್ಯಕ್ರಿಯೆಗೂ ಬರಲಿಲ್ಲ. ಜನ ಕೇಳಿದರೆ ನಾನು 'ಅದು ಅವರಿಬ್ಬರ ವಿಷಯ' ಅನ್ನುತ್ತಾ ಬಂದೆ. ದೊಡ್ಡ ಮನುಷ್ಯನ ಹಾಗೆ ತಲೆ ಅಲ್ಲಾಡಿಸುತ್ತಾ ಅನ್ನುತ್ತಾ ಬಂದೆ.

ನಾಡಿದ್ದು ಗುರುವಾರ ಸಮಿತಿ ಹೆಸರನ್ನು ಪ್ರಕಟಿಸುತ್ತದೆ. ಅದಕ್ಕೆ ಮುಂಚೆ ತುಂಬಿ ಕೊಡಲು ಒಂದು ಹಾಳೆ ಕಳಿಸಿದ್ದಾರೆ: ಇಟ್ಟಿಗೆಯ ಮೇಲೆ ಹೆಸರು ಹೇಗೆ ಇರಬೇಕು, ಅದರ ಕೆಳಗೆ ಯಾವ ಒಂದು ಸಾಲು ಕೆತ್ತಬೇಕು. 'ಪ್ರಾಸ ಇರ್ಲಪ್ಪ, ಜನ ನಿನ್ನಿಂದ ಅದನ್ನೇ ಕಾಯೋದು' ಅಂತ ಮಾರ್ಲೀನ್ ಪೆನ್ಸಿಲಿನಲ್ಲಿ ಬರೆದು ನಗುವ ಮುಖವನ್ನೂ ಬಿಡಿಸಿದ್ದಾಳೆ. ನಾಲ್ಕು ದಿನದಿಂದ ಆ ಹಾಳೆ ಅಡುಗೆಮನೆಯ ಮೇಜಿನ ಮೇಲಿದೆ. ಹೋದ ವರ್ಷ ನಾಯಿಯ ಇಟ್ಟಿಗೆಗೆ ಕೂಡ ಪ್ರಾಸ ಹುಟ್ಟಿತ್ತು, ನನಗೆ ಹುಟ್ಟಲಿಲ್ಲ.

ಅದಕ್ಕೇ ಈ ಕಾಗದ. ತಿರುವುಮುರುವು ಮಾಡಿ ಹೇಳಿದವನು ನಾನು, ತಪ್ಪು ಎಫ್ರೆನ್‌ನದಲ್ಲ ಅಂತ ಅವರಿಗೆ ತಿಳಿಸುತ್ತೇನೆ. ಯಾವ ಮನುಷ್ಯನಿಗಾದರೂ ಆಗಬಹುದಾದ ಪ್ರಮಾದ ಅದು. ನಿನ್ನನ್ನು ಕ್ಷಮೆ ಕೇಳುತ್ತೇನೆ. ನೆಲ್ಡಾಳನ್ನೂ.

ನಿನ್ನ ಚೆಂಡು ಹಿಡಿದವನು,
ಗೆರಿ ವಾಯ್ಟೋವಿಚ್

ಮರೆತದ್ದು: ಇದು ಬುಧವಾರ ಬೆಳಿಗ್ಗೆ. ಮರೆತದ್ದು ಅಂದೆನಲ್ಲ, ಅದೂ ಸುಳ್ಳು.

ಎರಡೂ ಲಕೋಟೆಯನ್ನು ಅಂಟಿಸಿ, ಹೊಸ ಕೋಟಿನ ಜೇಬಿನಲ್ಲಿಟ್ಟುಕೊಂಡು ಅಂಚೆ ಡಬ್ಬಿಯ ತನಕ ಹೋಗಿದ್ದೆ. 'ಯಾವ ಮನುಷ್ಯನಿಗಾದರೂ ಆಗಬಹುದು' ಅನ್ನುವ ಮಾತು ದಾರಿಯುದ್ದಕ್ಕೂ ಜೇಬಿನಲ್ಲಿ ಕಚ್ಚುತ್ತಿತ್ತು. ವಾಪಸು ಬಂದು ಹರಿದು ತೆರೆದಿದ್ದೇನೆ.

ಎಫ್ರೆನ್, ತಿರುವುಮುರುವಾಗಲಿಲ್ಲ. ಕೋಚ್ ಊರ ಕಡೆಯದನ್ನು ಕೇಳಲೇ ಇಲ್ಲ. 'ಸರೋವರದ ಕಡೆ ಎಷ್ಟಂತೆ?' ಅಂತ ಒಂದೇ ಪ್ರಶ್ನೆ. ಒಂದೇ ಪ್ರಶ್ನೆಗೆ ಬಂದ ಉತ್ತರ ಅದಲುಬದಲಾಗುವುದು ಹೇಗೆ? ನೀನು ಗಣಿತದ ಮೇಷ್ಟ್ರು, ನಿನಗೆ ಬಿಡಿಸಿ ಹೇಳಬೇಕಿಲ್ಲ. ಅವರ ಪಕ್ಕದಲ್ಲಿ ಮುಂದಿನ ಸಾಲಿನ ಆ ಬೆಟ್ಟದಂಥ ಪುಲ್ಯಮ್ ಇದ್ದ, ಇನ್ನೂ ನಾಲ್ಕು ಜನ ಇದ್ದರು. ಪುಲ್ಯಮ್ ಅಂದ, 'ಏನಪ್ಪಾ ಗೆರಿ, ಯಜಮಾನ್ರ ಕಾಲು ಎದ್ದಿದ್ಯಾ, ಇನ್ನೂ ಹಾಸಿಗೇಲಿದ್ಯಾ? ನಲವತ್ತು ದಾಟುತ್ತಾ, ಇಲ್ಲ ಚೆಂಡಿಗೆ ಟ್ಯಾಕ್ಸಿ ಕರೀಬೇಕಾ?' ಎಲ್ಲರೂ ನಕ್ಕರು. ಕೋಚೂ ನಕ್ಕರು. ನಲವತ್ತೆರಡು ಅನ್ನುವುದು ನನ್ನ ನಾಲಿಗೆಯ ತುದಿಯಲ್ಲಿತ್ತು. ಆ ನಗುವಿನ ಮುಂದೆ ಅದು ತೀರಾ ಸಣ್ಣದಾಗಿ ಕಂಡಿತು. ನಮ್ಮನ್ನೂ ಯಾರಾದರೂ ಒಂದು ಸಲ ಗಂಡಸರು ಅಂತ ಎಣಿಸಲಿ ಅನ್ನಿಸಿತು. 'ನಲವತ್ತೆಂಟು, ಕೋಚ್' ಅಂದೆ. ನಗು ನಿಂತಿತು. ಪುಲ್ಯಮ್ ಶಿಳ್ಳೆ ಹೊಡೆದ. ಕೋಚ್ ನನ್ನ ಭುಜ ತಟ್ಟಿದರು. ಅಷ್ಟು ವರ್ಷದಲ್ಲಿ ಅದೇ ಮೊದಲು, ಅದೇ ಕೊನೆ. ಆ ಒಂದು ತಟ್ಟಿಗೆ ನಾನು ನಿನ್ನ ಆರು ಗಜ ಕೊಟ್ಟೆ.

ಅಷ್ಟು ದೂರದ ಒದೆತ ಬರಲಾರದು, ಯಾರಿಗೂ ಗೊತ್ತಾಗಲಾರದು ಅಂದುಕೊಂಡಿದ್ದೆ. ಬಂತು.

ಮೈದಾನದಲ್ಲಿ ನೀನು ಕೇಳಿದಾಗ ನಾನು ಕೊಟ್ಟ ಉತ್ತರವನ್ನೂ ಮೇಲೆ ಅರ್ಧ ಮಾತ್ರ ಬರೆದಿದ್ದೇನೆ. ಪೂರ್ತಿ ನಿನಗೆ ನೆನಪಿದ್ದೇ ಇರುತ್ತದೆ. 'ನೀನ್ ಹೇಳಿದ್ದೇ ಹೇಳ್ದೆ. ಅವರು ಕೇಳ್ಬೇಕಲ್ಲ' ಅಂದಿದ್ದೆ. ಅವರು ಕೇಳಿದ್ದರು, ಎಫ್ರೆನ್. ನನ್ನ ಬಾಯಿಂದ ಬಂದದ್ದನ್ನು ನಿನ್ನ ಮಾತು ಅಂತ ನಂಬಿ ಬರೆದುಕೊಂಡಿದ್ದರು. ಇಪ್ಪತ್ತೆಂಟು ವರ್ಷ ನೀನು ಅವರ ಮೇಲೆ ಇಟ್ಟುಕೊಂಡ ಸಿಟ್ಟು ನನಗೆ ಸೇರಬೇಕಾದದ್ದು, ವಿಳಾಸ ತಪ್ಪಿ ಅವರಿಗೆ ಹೋಯಿತು. ಆಸ್ಪತ್ರೆಯಲ್ಲಿ ಕೊನೆಯ ವಾರ ಅವರು ನನ್ನ ಕೈ ಹಿಡಿದು, 'ಗೆರಿ, ಆ ಹುಡುಗ ನಿಜವಾಗ್ಲೂ ನಲವತ್ತೆಂಟು ಅಂದಿದ್ನೇನೋ?' ಅಂತ ಕೇಳಿದರು. 'ಹೌದು, ಕೋಚ್' ಅಂದೆ. ಸಾಯುವ ಮನುಷ್ಯನಿಗೂ ಅದನ್ನೇ ಹೇಳಿದೆ.

ಸಮಿತಿಯ ಪ್ರತಿಗೂ ಈ ಪುಟ ಸೇರಿಸಿದ್ದೇನೆ. ಅದನ್ನು ಡಬ್ಬಿಗೆ ಹಾಕುವುದಿಲ್ಲ, ನಾನೇ ಹೋಗಿ ಮಾರ್ಲೀನ್ ಕೈಗೆ ಕೊಟ್ಟು, ಅವಳು ಓದಿ ಮುಗಿಸುವ ತನಕ ಎದುರಿಗೆ ನಿಂತಿರುತ್ತೇನೆ. ಹಳೆಯ ಕೋಟು ಹಾಕಿಕೊಂಡು. ಅವರ ಹಾಳೆಯಲ್ಲಿ ನನ್ನ ಹೆಸರು ಹೊಡೆದು ನಿನ್ನದನ್ನು ಬರೆದಿದ್ದೇನೆ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಕೆಳಗಿನ ಸಾಲಿನ ಜಾಗ ಖಾಲಿ ಬಿಟ್ಟಿದ್ದೇನೆ, ಅದು ನೀನು ಹೇಳಬೇಕಾದದ್ದು. ನಾನು ಹೇಳಬೇಕಾದದ್ದು ಬೇರೆ ಇದೆ. ಅವತ್ತು ಹದಿನೇಳು ಮೈಕುಗಳ ಹಿಂದೆ, ಎರಡು ಹೆಜ್ಜೆ ದೂರದಲ್ಲಿ ಕೂತು ಹೇಳದೆ ಉಳಿದದ್ದು:

ಎಸೆತ ಚೆನ್ನಾಗಿತ್ತು, ಒದೆತ ಚೆನ್ನಾಗಿತ್ತು. ಹಿಡಿತ ನನ್ನದು.